ಆರು ನಿಮಿಷ ಆಯ್ತು, ಸಾರ್

ನಮ್ಮದು ತಿಪಟೂರು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆ. ನಾನು ಅಲ್ಲಿ ವಿಜ್ಞಾನದ ಮೇಷ್ಟ್ರು. ಪ್ರತಿ ವರ್ಷ ಫೆಬ್ರವರಿ 28ಕ್ಕೆ ವಿಜ್ಞಾನ ದಿನ ಮಾಡುತ್ತೇವೆ. 1928ರಲ್ಲಿ ಅದೇ ದಿನ ಸಿ.ವಿ. ರಾಮನ್ ತಮ್ಮ ರಾಮನ್ ಪರಿಣಾಮವನ್ನು ಕಂಡುಹಿಡಿದರು ಅನ್ನುವುದು ನಮ್ಮ ಶಾಲೆಯ ಗೋಡೆಗಳಿಗೂ ಬಾಯಿಪಾಠ ಆಗಿರಬೇಕು, ಅಷ್ಟು ಸಲ ಹೇಳಿದ್ದೇವೆ. ಪ್ರಾರ್ಥನೆ, ಸ್ವಾಗತ, ದೀಪ, ಅತಿಥಿಗಳ ಭಾಷಣ. ಕೊನೆಗೆ ಇಬ್ಬರು ಮಕ್ಕಳು ಎದ್ದು ರಾಮನ್ ಜೀವನಚರಿತ್ರೆ ಒಪ್ಪಿಸುವುದು. ಇಬ್ಬರದೂ ಒಂದೇ ಗೈಡಿನಿಂದ ಇಳಿಸಿಕೊಂಡಿದ್ದು. ಹಾಗಾಗಿ ಇಬ್ಬರೂ ಒಂದೇ ಪದದ ಹತ್ತಿರ ತಡವರಿಸುತ್ತಿದ್ದರು.

ಒಂದು ವರ್ಷ ಅತಿಥಿಯೊಬ್ಬರು 45 ನಿಮಿಷ ಮಾತಾಡಿದರು. ಶಾಮಿಯಾನದ ನೆರಳು ಸರಿದು, ಎಂಟನೇ ಕ್ಲಾಸಿನವರು ಬಿಸಿಲಿಗೆ ಬಿದ್ದರು. ಯಾರೂ ಎದ್ದು ಹೇಳಲಿಲ್ಲ, ನಾನೂ ಸೇರಿ. ಅವತ್ತು ಸಂಜೆ ಹೆಡ್ ಮಾಸ್ಟರ್ ಹತ್ತಿರ ಹೋಗಿ, ಮುಂದಿನ ವರ್ಷ ಹೊರಗಿನವರು ಬೇಡ, ನಾವೇ ಮಾತಾಡೋಣ, ಮಕ್ಕಳೂ ಮೇಷ್ಟ್ರುಗಳೂ ಅಂದೆ. ಮಕ್ಕಳು ಅಂದಾಗ ಅವರು ತಲೆಯಾಡಿಸಿದರು. ಮೇಷ್ಟ್ರುಗಳು ಅಂದಾಗ ನಕ್ಕರು.

ಅವರು ಯಾಕೆ ನಕ್ಕರು ಅಂತ ಆಮೇಲೆ ಗೊತ್ತಾಯಿತು. ಹತ್ತನೇ ಕ್ಲಾಸಿನವರನ್ನು ಮುಟ್ಟುವ ಹಾಗಿರಲಿಲ್ಲ, ಪರೀಕ್ಷೆ ಹತ್ತಿರ. ಎಂಟು, ಒಂಬತ್ತರಿಂದ 14 ಮಕ್ಕಳು ಎರಡೇ ದಿನದಲ್ಲಿ ಹೆಸರು ಕೊಟ್ಟರು. ಮೇಷ್ಟ್ರುಗಳನ್ನು ಒಪ್ಪಿಸಲು ಮೂರು ವಾರ ಬೇಕಾಯಿತು. ದಿನಕ್ಕೆ ಐದು ಪೀರಿಯಡ್ ನಿಂತು ಮಾತಾಡುವವರು ನಾವು! ಆದರೆ ಆರು ನಿಮಿಷ ಅಂದರೆ ಒಬ್ಬರಿಗೆ ಗಂಟಲು ನೋವು, ಇನ್ನೊಬ್ಬರಿಗೆ ಅವತ್ತೇ ಮದುವೆ. ಕೊನೆಗೆ ಸಿಕ್ಕಿದ್ದು ನನ್ನನ್ನೂ ಸೇರಿಸಿ ಮೂವರು.

ಎಲ್ಲರಿಗೂ ಒಂದೇ ನಿಯಮ ಮಾಡಿದೆ. ಆರು ನಿಮಿಷ, ಅಷ್ಟೇ. ಕೈಯಲ್ಲಿ ಪೋಸ್ಟ್ ಕಾರ್ಡ್ ಅಳತೆಯ ಒಂದು ರಟ್ಟು ಇರಬಹುದು, ಅದರ ಮೇಲೆ ಐದು ಪದ ಮಾತ್ರ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಅಂತ ಶುರು ಮಾಡುವ ಹಾಗಿಲ್ಲ. ಈ ಕೊನೆಯದಕ್ಕೆ ಸ್ಟಾಫ್ ರೂಮಿನಲ್ಲಿ ಸಣ್ಣ ಗಲಾಟೆಯೇ ಆಯಿತು, ಅದು ಸಂಸ್ಕಾರ ಅಲ್ವಾ ಅಂತ. ಸಂಸ್ಕಾರ ಹೌದು. ಆದರೆ ಪ್ರತಿಭಾ ಕಾರಂಜಿಯಲ್ಲಿ ಮಕ್ಕಳು ಆ ಸಾಲಿಗೇ ಅರ್ಧ ನಿಮಿಷ ಕಳೆದು, ಅಲ್ಲಿಂದ ಮುಂದೆ ಕಂಠಪಾಠದ ಹಳಿಗೆ ಹತ್ತಿಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಳಿ ತಪ್ಪಿದರೆ ಮತ್ತೆ ಗಣ್ಯರಿಂದಲೇ ಶುರು.

ವಿಷಯ ಆರಿಸುವುದರಲ್ಲೇ ನಾನು ಮೊದಲು ಎಡವಿದ್ದು. "ಇಷ್ಟವಾದ ವಿಜ್ಞಾನದ ವಿಷಯ ಬರೆದು ತನ್ನಿ" ಅಂದೆ. ಜಾಗತಿಕ ತಾಪಮಾನ ನಾಲ್ಕು ಬಂತು, ಪ್ಲಾಸ್ಟಿಕ್ ಮೂರು, ಚಂದ್ರಯಾನ ಮೂರು. ಓದಿಸಿ ನೋಡಿದರೆ ಎಲ್ಲಾ ಮೊಬೈಲಿನಿಂದ ಇಳಿಸಿದ್ದು. ಎಲ್ಲವನ್ನೂ ವಾಪಸ್ ಕೊಟ್ಟು, ಬೇರೆ ಪ್ರಶ್ನೆ ಕೇಳಿದೆ: "ನಿನಗೆ ಗೊತ್ತಿದ್ದು, ನನಗೆ ಗೊತ್ತಿಲ್ಲದ್ದು ಏನಿದೆ?" ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ಕೊಬ್ಬರಿ ಆಗಿದೆಯಾ ಇಲ್ವಾ ಅಂತ ಕಾಯಿ ಒಡೀದೆ ಹೇಳ್ತೀನಿ" ಅಂದ. ಪರೀಕ್ಷೆಯಲ್ಲಿ ಮೂವತ್ತೈದು ದಾಟಲು ಒದ್ದಾಡುವ ಹುಡುಗ ಅವನು.

ತಾಲೀಮು ಇಪ್ಪತ್ತು ದಿನ ನಡೆಯಿತು, ಸಂಜೆ ನಾಲ್ಕೂವರೆ ಮೇಲೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸುತ್ತಿದ್ದೆ. ಮನೆಯಲ್ಲಿ ಆರು ನಿಮಿಷ ಬರುವ ಮಾತು ಸ್ಟೇಜಿನ ಮೇಲೆ ನಾಲ್ಕೇ ನಿಮಿಷಕ್ಕೆ ಮುಗಿಯುತ್ತದೆ, ಭಯಕ್ಕೆ ಓಡುತ್ತಾರೆ. "ನಿಧಾನ" ಅಂತ ಎಷ್ಟು ಸಲ ಹೇಳಿದರೂ ಉಪಯೋಗ ಇಲ್ಲ. ಕೈಗೆ ಏನಾದರೂ ವಸ್ತು ಕೊಟ್ಟರೆ ತಾನಾಗೇ ನಿಧಾನ ಆಗುತ್ತಾರೆ. ಅದನ್ನು ಎತ್ತಬೇಕು, ತೋರಿಸಬೇಕು, ಇಡಬೇಕು. ಮಾತು ಕೈಯ ವೇಗಕ್ಕೆ ಬರುತ್ತದೆ. ಇದು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಮೇಷ್ಟ್ರುಗಳ ತಾಲೀಮಿಗೆ ಮಕ್ಕಳನ್ನೇ ಕೂರಿಸಿದೆ. ಅವರು ನೋಡಿದ್ದನ್ನು ಹೇಳಬೇಕು. ಎಂಟನೇ ಕ್ಲಾಸಿನ ಒಂದು ಹುಡುಗಿ ಗಣಿತದ ಮಿಸ್‌ಗೆ, "ಮಿಸ್, ನೀವು ಬೋರ್ಡಿಗೆ ಹೇಳ್ತೀರ, ನಮಗಲ್ಲ" ಅಂದುಬಿಟ್ಟಳು. ಮಿಸ್ ಮುಖ ಕೆಂಪಾಯಿತು. ಮಾರನೇ ದಿನ ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಶೂನ್ಯದ ಇತಿಹಾಸ ಅಂತ ಮಾಡಿಕೊಂಡಿದ್ದ ಭಾಷಣ ಬಿಟ್ಟು, ಓದು ಬಾರದ ತಮ್ಮ ಅಮ್ಮ ಹಾಲಿನ ಲೆಕ್ಕ ಇಡುತ್ತಿದ್ದ ಬಗ್ಗೆ ಹೇಳಿದರು. ಬಾಗಿಲ ಪಕ್ಕದ ಗೋಡೆಗೆ ಪಾವಿಗೊಂದು ಸುಣ್ಣದ ಬೊಟ್ಟು. ಕೊಡದೆ ಇದ್ದ ದಿನ ಜಾಗ ಖಾಲಿ. "ಆ ಖಾಲಿ ಜಾಗವೇ ನಾನು ಕಲಿತ ಮೊದಲ ಸೊನ್ನೆ" ಅಂದಾಗ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಕಾರ್ಯಕ್ರಮದ ದಿನ ಮೊದಲು ಕಾಟ ಕೊಟ್ಟಿದ್ದು ಮೈಕ್. ಬಾಡಿಗೆ ಮೈಕಿನವರು ಸ್ಪೀಕರ್ ಪೆಟ್ಟಿಗೆಗಳನ್ನು ಸ್ಟೇಜಿನ ಹಿಂದೆ ಇಟ್ಟು ಹೋಗಿದ್ದರು. ಕುಂಯ್ ಅಂತ ಕೂಗು. ಪೆಟ್ಟಿಗೆಯಿಂದ ಬಂದ ಸದ್ದನ್ನೇ ಮೈಕ್ ಮತ್ತೆ ಹಿಡಿದು ಮತ್ತೆ ಪೆಟ್ಟಿಗೆಗೆ ಕಳಿಸುತ್ತದೆ, ಸುತ್ತು ಸುತ್ತಿ ಜಾಸ್ತಿ ಆಗುತ್ತದೆ. ಪೆಟ್ಟಿಗೆಗಳನ್ನು ಮೈಕಿಗಿಂತ ಮುಂದೆ ತಂದು, ಮುಖ ಮಕ್ಕಳ ಕಡೆ ತಿರುಗಿಸಿದ ಮೇಲೆ ನಿಂತಿತು. ಇನ್ನೊಂದು, ಸ್ಟ್ಯಾಂಡನ್ನು ಪ್ರತಿಯೊಬ್ಬರಿಗೂ ಇಳಿಸಿ ಏರಿಸಲು ಒಬ್ಬ ಹುಡುಗನನ್ನು ನಿಲ್ಲಿಸಿದ್ದೆ. ಇಲ್ಲದಿದ್ದರೆ ಗಿಡ್ಡ ಮಕ್ಕಳು ತುದಿಗಾಲಲ್ಲಿ ನಿಂತು ಮಾತಾಡುತ್ತಾರೆ. ತುದಿಗಾಲಲ್ಲಿ ಯಾರಿಗೂ ಧೈರ್ಯ ಬರುವುದಿಲ್ಲ.

ಕೊಬ್ಬರಿ ಹುಡುಗ ಮೂರು ಕಾಯಿ ತಂದಿದ್ದ, ಸಿಪ್ಪೆ ಸಮೇತ. ನಮಸ್ಕಾರವನ್ನೂ ಮಾಡಲಿಲ್ಲ. ಒಂದನ್ನು ಮೈಕಿನ ಹತ್ತಿರ ಹಿಡಿದು ಅಲ್ಲಾಡಿಸಿದ. ನೀರು ಕುಲುಕುವ ಸದ್ದು ಇಡೀ ಮೈದಾನಕ್ಕೆ ಕೇಳಿಸಿತು. "ಇದು ಹೋದ ತಿಂಗಳು ಕಿತ್ತಿದ್ದು." ಎರಡನೆಯದಕ್ಕೆ ಸದ್ದೇ ಇಲ್ಲ. "ಇದರಲ್ಲಿ ನೀರು ಇಂಗಿದೆ, ಆದ್ರೆ ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿಲ್ಲ. ಈಗ ಒಡೆದ್ರೆ ನಷ್ಟ." ಮೂರನೆಯದು ಗಟಗಟ ಅಂತ ಬಡಿಯಿತು. ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಕಾಯಿ ಹೇಗೆ ಇಡುತ್ತಾರೆ, ಮಳೆ ನೀರು ತಾಗಿದರೆ ಒಳಗೆ ಹೇಗೆ ಬೂಷ್ಟು ಹಿಡಿಯುತ್ತದೆ, ಉಂಡೆ ಕೊಬ್ಬರಿ ಬೇಕಾದವರು ಯಾಕೆ ಅವಸರ ಮಾಡಬಾರದು, ಎಲ್ಲಾ ಹೇಳಿದ. ಮಧ್ಯೆ ಕರೆಂಟ್ ಹೋಯಿತು. ಅವನು ಕಾಯಿ ಎತ್ತಿಕೊಂಡು ಸ್ಟೇಜ್ ಇಳಿದು, ಮೊದಲ ಸಾಲಿನ ಅಜ್ಜನ ಕಿವಿಗೆ ಹಿಡಿದ. ಅಜ್ಜ ಕಣ್ಣು ಮುಚ್ಚಿ ಕೇಳಿ, "ಇನ್ನೂ ಹದಿನೈದು ದಿನ ಬೇಕು ಕಣಪ್ಪ" ಅಂದರು. ಹುಡುಗ ಒಪ್ಪಲಿಲ್ಲ. ಇಬ್ಬರಿಗೂ ಅಲ್ಲೇ ವಾದ. ಕಡೆಗೆ ಒಡೆದು ನೋಡಿದೆವು. ಗಿಟುಕು ಇಡಿಯಾಗಿ ಈಚೆ ಬಂತು. ಹುಡುಗ ಗೆದ್ದ.

ಇನ್ನು ನನ್ನ ಮಾತು. ಶೂನ್ಯ ನೆರಳಿನ ದಿನದ ಬಗ್ಗೆ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮೂರನೇ ವಾರ ಒಮ್ಮೆ, ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಗಳಿಗೆಯಲ್ಲಿ ನೆರಳೇ ಇರುವುದಿಲ್ಲ. ಚೆಂದದ ವಿಷಯ. ಆದರೆ ನಾನು ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಅಂತ ಶುರು ಮಾಡಿದೆ. ಆಮೇಲೆ ಅಕ್ಷಾಂಶ. ಆಮೇಲೆ ಕರ್ಕಾಟಕ ಸಂಕ್ರಾಂತಿ ವೃತ್ತ. ಮಕ್ಕಳ ಮುಖದಲ್ಲಿ ಮೂರನೇ ಪೀರಿಯಡ್ಡಿನ ಕಳೆ ಬಂತು. ಪಕ್ಕದಲ್ಲಿ ಒರಗಿಸಿಟ್ಟಿದ್ದ ಬಿದಿರು ಕೋಲನ್ನು ಇನ್ನೇನು ಎತ್ತಿಕೊಳ್ಳಬೇಕು, ಗಂಟೆ ಬಾರಿಸಿತು.

ಗಂಟೆ ಬಾರಿಸಿದ್ದು ಅದೇ ಎಂಟನೇ ಕ್ಲಾಸಿನ ಹುಡುಗಿ. ಸಮಯ ನೋಡುವ ಕೆಲಸ ನಾನೇ ಅವಳಿಗೆ ಕೊಟ್ಟಿದ್ದೆ. ಒಂದು ನಿಮಿಷ ಅಂತ ಬೆರಳು ಎತ್ತಿದೆ. ಅವಳು ಇನ್ನೂ ಜೋರಾಗಿ ಬಾರಿಸಿ, "ಆರು ನಿಮಿಷ ಆಯ್ತು, ಸಾರ್" ಅಂದಳು. ಅವತ್ತಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿದ್ದಿದ್ದು. ಕೋಲು ಹಿಡಿದುಕೊಂಡು ಇಳಿದೆ.

ಮುಂದಿನ ಸಲಕ್ಕೆ ಈಗಲೇ ಐವರು ಮೇಷ್ಟ್ರುಗಳು ಹೆಸರು ಕೊಟ್ಟಿದ್ದಾರೆ. ಹೆಡ್ ಮಾಸ್ಟರೂ ಮಾತಾಡುತ್ತಾರಂತೆ, ಹದಿನೈದು ನಿಮಿಷ ಬೇಕಂತೆ. ಅದು ನನ್ನ ಕೈಯಲ್ಲಿಲ್ಲ ಸಾರ್, ಒಂಬತ್ತನೇ ಕ್ಲಾಸಿಗೆ ಹೋಗಿ ಆ ಹುಡುಗಿಯನ್ನು ಕೇಳಿ ಅಂದಿದ್ದೇನೆ.