ಇಂಡೋರ್ ಹಾಕಿ ನೋಡಲು ಹೊರಟಿದ್ದೀರಾ? ಎಲ್ಲಿ ಕೂರಬೇಕು, ಏನು ನೋಡಬೇಕು

ಮೊದಲು ಸೀಟಿನ ವಿಷಯ. ಟಿಕೆಟ್ ತಗೊಳ್ಳುವಾಗ ಸುಮಾರು ಜನ ಅಂಕಣದ ಉದ್ದಕ್ಕಿರುವ, ಆದಷ್ಟು ಮುಂದಿನ ಸಾಲನ್ನೇ ಕೇಳುತ್ತಾರೆ. ಅದು ಬೇಡ. ಇಂಡೋರ್ ಹಾಕಿಯಲ್ಲಿ ಎರಡೂ ಬದಿಗೆ 10 ಸೆಂಟಿಮೀಟರ್ ಎತ್ತರದ ಹಲಗೆ ಇರುತ್ತದೆ. ತೀರಾ ಮುಂದೆ ಕೂತರೆ ನಿಮ್ಮ ಕಡೆಯ ಹಲಗೆಗೆ ಅಂಟಿಕೊಂಡು ಓಡುವ ಚೆಂಡು ಕಣ್ಣಿಗೇ ಬೀಳುವುದಿಲ್ಲ. ಈ ಆಟದ ಒಳ್ಳೊಳ್ಳೆ ಪಾಸುಗಳು ಹೋಗುವುದೇ ಅಲ್ಲಿ! ಗೋಲಿನ ಹಿಂದೆ, ಒಂದಷ್ಟು ಮೇಲೆ, ಸ್ವಲ್ಪ ಮೂಲೆಗೆ ಸರಿದು ಕೂರಿ. ಎರಡೂ ಹಲಗೆ, ಎರಡೂ ಗೋಲು ಒಂದೇ ನೋಟಕ್ಕೆ ಸಿಗುತ್ತವೆ.

ನಾನು ಕೊಡಗಿನವಳು. ಪೊನ್ನಂಪೇಟೆ ಕಡೆಯ ಮಣ್ಣಿನ ಮೈದಾನಗಳಲ್ಲಿ ಹಾಕಿ ಆಡಿ ಬೆಳೆದೆ. ಈಗ ಬರ್ಲಿನ್‌ನಲ್ಲಿದ್ದೇನೆ. ಇಲ್ಲಿ ಚಳಿಗಾಲ ಬಂತೆಂದರೆ ಮೈದಾನ ಹೆಪ್ಪುಗಟ್ಟುತ್ತದೆ, ಕ್ಲಬ್ಬುಗಳೆಲ್ಲ ಹಾಲ್ ಒಳಗೆ ಸೇರುತ್ತವೆ. ಜರ್ಮನಿಯಲ್ಲಿ ಈ ಆಟ ಇಷ್ಟು ಬೆಳೆದದ್ದೇ ಹಾಗೆ. ಮಹಿಳೆಯರ ಮೊದಲ ಇಂಡೋರ್ ವಿಶ್ವಕಪ್ ನಡೆದದ್ದು 2003ರಲ್ಲಿ, ಲೈಪ್‌ಜಿಗ್‌ನಲ್ಲಿ. ಗೆದ್ದವರೂ ಜರ್ಮನಿಯವರೇ. 2018ರಲ್ಲಿ ಬರ್ಲಿನ್‌ನ ಮ್ಯಾಕ್ಸ್ ಶ್ಮೆಲಿಂಗ್ ಹಾಲ್‌ನಲ್ಲಿ ನೆದರ್ಲೆಂಡ್ಸನ್ನು 2-1ರಿಂದ ಸೋಲಿಸಿ ಮತ್ತೆ ಗೆದ್ದರು. ಊರಿಂದ ಬಂದ ನೆಂಟರನ್ನು ಇಂಥ ಪಂದ್ಯಕ್ಕೆ ಕರೆದುಕೊಂಡು ಹೋದರೆ ಮೊದಲ ಹತ್ತು ನಿಮಿಷ ಸುಮ್ನೆ ಕೂತಿರುತ್ತಾರೆ. ಆಮೇಲೆ, "ಯಾರೂ ಹೊಡೆಯೋದೇ ಇಲ್ವಲ್ಲ?" ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ ಅದು.

ಇಲ್ಲಿ ಹಿಟ್ ಇಲ್ಲ. ಸ್ಟಿಕ್ ಬೀಸಿ ಚೆಂಡಿಗೆ ಹೊಡೆದರೆ ಫೌಲ್. ತಳ್ಳಬೇಕು, ಇಲ್ಲವೇ ಫ್ಲಿಕ್ ಮಾಡಬೇಕು, ಅಂದರೆ ಸ್ಟಿಕ್ಕಿನಿಂದ ಚಿಮ್ಮಿಸಬೇಕು. ಗೋಲಿಗೆ ಗುರಿ ಇಡುವಾಗ ಬಿಟ್ಟರೆ ಚೆಂಡನ್ನು ನೆಲದಿಂದ ಎತ್ತುವಂತಿಲ್ಲ. ತಂಡದಲ್ಲಿ 12 ಜನ, ಅಂಕಣದಲ್ಲಿ ಗೋಲ್‌ಕೀಪರ್ ಸೇರಿ ಆರೇ ಜನ. ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರ್. ಅಂಕಣ ಹೆಚ್ಚೆಂದರೆ 44 ಮೀಟರ್ ಉದ್ದ, 22 ಮೀಟರ್ ಅಗಲ. ಇಷ್ಟು ಗೊತ್ತಿದ್ದರೆ ಸಾಕು, ನಿಯಮದ ಪುಸ್ತಕ ಓದಿಕೊಂಡು ಹೋಗಬೇಕಾಗಿಲ್ಲ.

ಹೊರಗಿನ ಹಾಕಿ ನೋಡಿ ರೂಢಿಯಾದ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಇಲ್ಲಿ ಹಾಗೆ ನೋಡಿದರೆ ಏನೂ ಅರ್ಥವಾಗುವುದಿಲ್ಲ, ಎಲ್ಲ ಗಡಿಬಿಡಿ ಅನಿಸುತ್ತದೆ. ಮೊದಲ ಕ್ವಾರ್ಟರ್‌ನಲ್ಲಿ ಚೆಂಡು ಬಿಡಿ, ರಕ್ಷಣೆಗೆ ನಿಂತವರ ಸ್ಟಿಕ್ ನೋಡಿ. ಮಂಡಿ ಪೂರ್ತಿ ಬಗ್ಗಿಸಿ, ಸ್ಟಿಕ್ಕನ್ನು ನೆಲದ ಮೇಲೆ ಅಡ್ಡ ಮಲಗಿಸಿರುತ್ತಾರೆ. ಎಡಗೈಗೆ ದಪ್ಪ ಗ್ಲೌಸ್ ಯಾಕೆ ಅಂದುಕೊಂಡಿರಿ? ಆ ಕೈ ಪಂದ್ಯ ಪೂರ್ತಿ ನೆಲಕ್ಕೆ ಉಜ್ಜುತ್ತಲೇ ಇರುತ್ತದೆ. ಒಬ್ಬಳ ಸ್ಟಿಕ್ ಮುಗಿಯುವ ಕಡೆ ಇನ್ನೊಬ್ಬಳ ಸ್ಟಿಕ್ ಶುರುವಾಗಬೇಕು. ನಡುವೆ ಒಂದು ಗೇಣು ಸಂದಿ ಬಿಟ್ಟರೂ ಚೆಂಡು ಅದರಲ್ಲೇ ನುಗ್ಗುತ್ತದೆ. ಎದುರಾಳಿಗಳು ಆ ಕಡೆಯಿಂದ ಈ ಕಡೆಗೆ ಸುಮ್ನೆ ಪಾಸ್ ಮಾಡುತ್ತಿದ್ದಾರೆ ಅನಿಸುತ್ತದಲ್ಲ, ಅವರು ಕಾಯುತ್ತಿರುವುದು ಆ ಸಂದಿಗೇ.

ಎರಡನೇ ಕ್ವಾರ್ಟರ್‌ಗೆ ಹಲಗೆ ನೋಡಿ. ಕೇರಂ ಆಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ನೇರ ದಾರಿ ಮುಚ್ಚಿದ್ದರೆ ಪಟ್ಟಿಗೆ ಬಡಿದು ಹೊಡೆಯುತ್ತೀರಿ, ಅಲ್ವಾ? ಇಲ್ಲೂ ಅದೇ ಲೆಕ್ಕ. ಹಲಗೆಗೆ ತಳ್ಳಿದ ಚೆಂಡು ರಕ್ಷಕಿಯ ಬೆನ್ನ ಹಿಂದೆ ಬಂದು ತಮ್ಮವಳ ಸ್ಟಿಕ್ಕಿಗೆ ಸಿಗಬೇಕು. ಪಾಸ್ ಕೊಡುವವಳಿಗಿಂತ ತಗೊಳ್ಳುವವಳ ಮೇಲೆ ಕಣ್ಣಿಡಿ. ಚೆಂಡು ಹಲಗೆ ಮುಟ್ಟುವ ಮೊದಲೇ ಅವಳು ಹೊರಟಿರುತ್ತಾಳೆ.

ಇನ್ನು ಪೆನಾಲ್ಟಿ ಕಾರ್ನರ್, ಅಂದರೆ ಫೌಲ್‌ಗೆ ಬದಲಾಗಿ ಎದುರಾಳಿಗೆ ಗೋಲಿನ ಪಕ್ಕದ ಗೆರೆಯಿಂದ ಚೆಂಡು ತಳ್ಳಿ ಗೋಲಿಗೆ ಯತ್ನಿಸಲು ಕೊಡುವ ಅವಕಾಶ. ಗೊಂದಲ ಜಾಸ್ತಿ ಆಗುವುದು ಇಲ್ಲೇ. "ಫೌಲ್ ಆಗಿದ್ದು ಅಷ್ಟು ದೂರದಲ್ಲಿ, ಕಾರ್ನರ್ ಯಾಕೆ ಕೊಟ್ರು?" ಅನಿಸಬಹುದು. ತಮ್ಮ ಅರ್ಧದಲ್ಲಿ ಎಲ್ಲೇ ಆಗಲಿ, ಬೇಕಂತಲೇ ಫೌಲ್ ಮಾಡಿದರೆ ಇಲ್ಲಿ ಕಾರ್ನರ್ ಕೊಡುತ್ತಾರೆ. ರಕ್ಷಕಿಯರು ನಿಲ್ಲುವ ರೀತಿಯೂ ಬೇರೆ. ಗೋಲಿನೊಳಗೆ ಗೋಲ್‌ಕೀಪರ್ ಒಬ್ಬಳೇ. ಉಳಿದವರೆಲ್ಲ, ಚೆಂಡು ತಳ್ಳುವವಳು ಯಾವ ಬದಿಗಿದ್ದಾಳೋ ಅದರ ಎದುರು ಬದಿಗೆ, ಗೋಲಿನಾಚೆ ನಿಂತಿರುತ್ತಾರೆ. ಚೆಂಡು ಹೊರಟ ಕೂಡಲೇ ಮೊದಲು ಓಡುವವಳನ್ನು ನೋಡಿ. ಗೋಲಿನ ಮುಂದಿನ ಒಂಬತ್ತು ಮೀಟರ್ ವೃತ್ತದ ಅಂಚಿನಿಂದ ಬರುವ ಫ್ಲಿಕ್ಕಿಗೆ ಎದುರಾಗಿ, ಮುಖಕ್ಕೊಂದು ಮಾಸ್ಕ್ ಹಾಕಿಕೊಂಡು ನುಗ್ಗುತ್ತಾಳೆ. ಅವಳು ಯಾವ ಗೆರೆಯಲ್ಲಿ ಓಡಬೇಕು, ಗೋಲಿನ ಯಾವ ಬದಿ ಕೀಪರ್‌ಗೆ ಬಿಡಬೇಕು ಎಂಬುದು ಅವರಿಬ್ಬರ ಮಧ್ಯೆ ಮೊದಲೇ ಆದ ಮಾತು. ಹೆಂಗಸರ ಹಾಕಿ ಮೆತ್ತಗೆ ಅನ್ನುವವರನ್ನು ನಾನು ಕೂರಿಸುವುದೇ ಈ ಗೋಲಿನ ಹಿಂದೆ.

ಕಾರ್ಡುಗಳನ್ನೂ ಗಮನಿಸಿ. ಹಸಿರು ಕಾರ್ಡಿಗೆ ಒಂದು ನಿಮಿಷ ಹೊರಗೆ, ಹಳದಿಗೆ ಕಡಿಮೆಯೆಂದರೂ ಎರಡು. ಕೇಳಲು ಚಿಕ್ಕದು. ಆದರೆ ಕೀಪರ್ ಬಿಟ್ಟು ಐವರಿದ್ದ ಕಡೆ ನಾಲ್ವರಾದರೆ ಆ ಸ್ಟಿಕ್ಕಿನ ಗೋಡೆ ಕಟ್ಟುವುದು ಹೇಗೆ? ಪಂದ್ಯಗಳು ತಿರುಗುವುದು ಎಷ್ಟೋ ಸಲ ಈ ಒಂದು ನಿಮಿಷದಲ್ಲಿ.

ಸೋಲುತ್ತಿರುವ ತಂಡ ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರನ್ನೇ ಹೊರಗೆ ಕರೆದು ಇನ್ನೊಬ್ಬ ಆಟಗಾರ್ತಿಯನ್ನು ಇಳಿಸುತ್ತದೆ. ಗೋಲು ಖಾಲಿ! ಆ ಹೊತ್ತಿಗೆ ಕಾಫಿಗೆ ಅಂತ ಎದ್ದು ಹೋಗಬೇಡಿ.

ಯಾವ ದಿನ ಹೋಗುವುದು? ಫೈನಲ್‌ಗೆ ಟಿಕೆಟ್ ಸಿಗಲಿಲ್ಲ ಅಂತ ಬೇಜಾರು ಬೇಡ. ನನ್ನ ಕೇಳಿದರೆ ಮೊದಲ ಎರಡು ದಿನವೇ ಚೆನ್ನ. ಬೆಳಗ್ಗೆಯಿಂದ ರಾತ್ರಿವರೆಗೆ ಪಂದ್ಯಗಳು, ಕುರ್ಚಿ ಖಾಲಿ, ಎಲ್ಲಿ ಬೇಕಾದರೂ ಕೂತು ನೋಡಬಹುದು. ಬರ್ಲಿನ್ ವಿಶ್ವಕಪ್ಪು ಐದೇ ದಿನದಲ್ಲಿ ಮುಗಿದಿತ್ತು, ಫೈನಲ್ ತಲುಪಿದವರು ಅಷ್ಟರಲ್ಲೇ ಎಂಟು ಪಂದ್ಯ ಆಡಿದ್ದರು. ಹೊರಗಿನ ಹಾಕಿಯಲ್ಲಿ ಅಷ್ಟಾಗಿ ಕಾಣದ ಯುಕ್ರೇನ್, ಬೆಲಾರಸ್, ನಮೀಬಿಯಾ ತಂಡಗಳು ಇಲ್ಲಿ ಎಷ್ಟು ಅಚ್ಚುಕಟ್ಟಾಗಿ ಆಡುತ್ತವೆ ಎಂದು ಗೊತ್ತಾಗುವುದೂ ಆ ಮೊದಲ ದಿನಗಳಲ್ಲೇ. 2025ರಲ್ಲಿ ಕ್ರೊಯೇಷಿಯಾದ ಪೊರೆಚ್‌ನಲ್ಲಿ ಕಪ್ ಎತ್ತಿದ್ದು ಪೋಲೆಂಡ್!

ಭಾರತದ ಹುಡುಗಿಯರನ್ನು ಐದು ಜನರ ಹಾಕಿಯಲ್ಲಿ ನೋಡಿದ್ದೇವಲ್ಲ ಅನ್ನುತ್ತೀರಾ? ಅದು ಹಾಕಿ ಫೈವ್ಸ್. 2024ರಲ್ಲಿ ಮಸ್ಕತ್‌ನಲ್ಲಿ ಅದರ ವಿಶ್ವಕಪ್ ಫೈನಲ್‌ವರೆಗೆ ಹೋಗಿ ನೆದರ್ಲೆಂಡ್ಸ್‌ಗೆ 7-2ರಿಂದ ಸೋತರು. ಅಲ್ಲೂ ಹಲಗೆ ಇದೆ, ಆದರೆ ಆಟ ಟರ್ಫ್ ಮೇಲೆ, ಗೋಲು ಎಲ್ಲಿಂದ ಬೇಕಾದರೂ ಹೊಡೆಯಬಹುದು. ಇಂಡೋರ್‌ನಲ್ಲಿ ವೃತ್ತದೊಳಗೆ ಬರಲೇಬೇಕು. ಹಾಗಾಗಿ ತಾಳ್ಮೆ ಜಾಸ್ತಿ ಬೇಕು. ನಮ್ಮ ಕೊಡಗಿನ, ಬೆಂಗಳೂರಿನ ಹುಡುಗಿಯರಿಗೆ ಮಳೆಗಾಲದಲ್ಲಿ ಆಡಲು ಇಂಥದೊಂದು ಹಾಲ್ ಬೇಕು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಕೈಚಳಕಕ್ಕೆ ಇದಕ್ಕಿಂತ ಒಳ್ಳೆ ಶಾಲೆ ಇಲ್ಲ.

ಹೋಗಲು ಆಗದವರು ಅಂತರರಾಷ್ಟ್ರೀಯ ಹಾಕಿ ಫೆಡರೇಷನ್‌ನ ವಾಚ್ ಡಾಟ್ ಹಾಕಿ ಆ್ಯಪ್ ಹಾಕಿಕೊಳ್ಳಿ. ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ, ಮೊಬೈಲ್‌ನಲ್ಲಿ ಚೆಂಡು ಹುಡುಕುವುದೇ ಕೆಲಸವಾಗುತ್ತದೆ.

ಪಂದ್ಯ ನೋಡಿದ ಮೇಲೆ ಮಗಳು ಸ್ಟಿಕ್ ಬೇಕು ಅಂತ ಹಟ ಹಿಡಿಯಬಹುದು. ಕೊಡಿಸಿ. ಆದರೆ ಇಂಡೋರ್ ಸ್ಟಿಕ್ಕನ್ನೇ ಕೇಳಿ ತಗೊಳ್ಳಿ, ಅದು ತೆಳು, ಹಗುರ. ಅದನ್ನು ಹೊರಗೆ ಒಯ್ದು ಜೋರಾಗಿ ಹೊಡೆಯಲು ಬಿಡಬೇಡಿ, ಮುರಿಯುತ್ತದೆ. ಜೊತೆಗೆ ಎಡಗೈಗೆ ಗ್ಲೌಸ್, ನೆಲಕ್ಕೆ ಕಪ್ಪು ಗುರುತು ಬೀಳದಂಥ ಶೂ. ಹಲಗೆ ಸಿಗದಿದ್ದರೆ ಹಾಲ್‌ನಲ್ಲಿರುವ ಉದ್ದ ಬೆಂಚುಗಳನ್ನು ಮಗುಚಿ ಇಟ್ಟರೂ ಅಭ್ಯಾಸಕ್ಕೆ ಸಾಕು.