ಆಕ್ಸ್‌ಫರ್ಡ್‌ನಲ್ಲಿ ಕಾಲೇಜು ಅಂದರೆ ಏನು? ಮಾಡ್ಲಿನ್ ಕಾಲೇಜಿನ ಹಳಬರನ್ನು ಕೇಳಿ

ಇಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ನಮ್ಮ ಮಕ್ಕಳು ಹದಿನೇಳಕ್ಕೆ ಬಂದ ಕೂಡಲೇ ಮನೆಯಲ್ಲಿ ಒಂದೇ ಚರ್ಚೆ. ಆಕ್ಸ್‌ಫರ್ಡ್‌ಗೆ ಹಾಕೋಣ, ಆದರೆ ಯಾವ ಕಾಲೇಜು? ನಮ್ಮ ತಲೆಯಲ್ಲಿ ಇರುವುದು ಊರಿನ ಲೆಕ್ಕ. ಅಲ್ಲಿ ಪಾಠ ಕಾಲೇಜಿನಲ್ಲಿ, ಪರೀಕ್ಷೆ ವಿಟಿಯುನದ್ದು, ಒಳ್ಳೇ ಕಾಲೇಜು ಸಿಕ್ಕಿತೋ ಅರ್ಧ ಗೆದ್ದ ಹಾಗೆ. ಇಲ್ಲಿನ ಕಥೆ ಬೇರೆ. ಲೆಕ್ಚರ್, ಲ್ಯಾಬ್, ಪರೀಕ್ಷೆ, ಡಿಗ್ರಿ ಎಲ್ಲ ಯೂನಿವರ್ಸಿಟಿಯದ್ದು. ರೂಮು, ಊಟದ ಹಾಲ್, ಲೈಬ್ರರಿ, ಟ್ಯೂಟರ್ ಎದುರು ಒಬ್ಬರೋ ಇಬ್ಬರೋ ಕೂತು ಕಲಿಯುವ ಟ್ಯುಟೋರಿಯಲ್, ಇದು ಕಾಲೇಜಿನದ್ದು. ಒಂದು ಸಲ ಸೇರಿದರೆ ನೀವು ಆ ಕಾಲೇಜಿನ ಮೆಂಬರ್. ಓದು ಮುಗಿದರೂ ಮೆಂಬರ್ರೇ.

ಇದು ಅರ್ಥವಾಗಬೇಕಾದರೆ ರ‍್ಯಾಂಕಿಂಗ್ ಪಟ್ಟಿ ಬಿಡಿ, ಒಂದು ಕಾಲೇಜಿನ ಹಳೆಯ ಮೆಂಬರ್‌ಗಳನ್ನು ನೋಡಿ. ನಾನು ಮಾಡ್ಲಿನ್ ಆರಿಸಿಕೊಳ್ಳುತ್ತೇನೆ. ಬರೆಯುವಾಗ ಮಧ್ಯೆ ಒಂದು ಜಿ ಅಕ್ಷರ ಇದೆ, ಆದರೆ ಮಗ್ದಲೆನ್ ಅನ್ನಬೇಡಿ, ಇಲ್ಲಿ ಎಲ್ಲರೂ ಮಾಡ್ಲಿನ್ ಅಂತಲೇ ಅನ್ನುವುದು. 1458ರಲ್ಲಿ ವಿಂಚೆಸ್ಟರ್‌ನ ಬಿಷಪ್ ವಿಲಿಯಂ ವೇನ್‌ಫ್ಲೀಟ್ ಕಟ್ಟಿಸಿದ್ದು.

ಥಾಮಸ್ ವೂಲ್ಸಿ ಇಲ್ಲಿ ಹದಿನೈದನೇ ವಯಸ್ಸಿಗೇ ಡಿಗ್ರಿ ಪಡೆದ ಹುಡುಗ. ಆಮೇಲೆ ಇಲ್ಲೇ ಬರ್ಸರ್ ಆದ. ಬರ್ಸರ್ ಅಂದರೆ ಕಾಲೇಜಿನ ದುಡ್ಡುಕಾಸು ನೋಡಿಕೊಳ್ಳುವವನು. ಇವತ್ತಿಗೂ ಆ ಹುದ್ದೆ ಇದೆ, ಏಕೆಂದರೆ ಪ್ರತಿ ಕಾಲೇಜಿಗೂ ತನ್ನದೇ ಆಸ್ತಿ, ತನ್ನದೇ ಲೆಕ್ಕ. ಮುಂದೆ ಎಂಟನೇ ಹೆನ್ರಿಯ ಮುಖ್ಯ ಮಂತ್ರಿಯಾದ ವೂಲ್ಸಿ 1525ರಲ್ಲಿ ತನ್ನದೇ ಒಂದು ಕಾಲೇಜು ಶುರು ಮಾಡಿದ. ಅದೇ ಇವತ್ತಿನ ಕ್ರೈಸ್ಟ್ ಚರ್ಚ್.

ಕಾಲೇಜಿಗೆ ಎಷ್ಟು ಸ್ವಾತಂತ್ರ್ಯ ಇದೆ ಅಂತ ತಿಳಿಯಲು 1687ಕ್ಕೆ ಹೋಗಬೇಕು. ನನಗೆ ತುಂಬಾ ಇಷ್ಟವಾದ ಭಾಗ ಇದು. ಕಾಲೇಜಿನ ಮುಖ್ಯಸ್ಥರನ್ನು ಇಲ್ಲಿ ಪ್ರೆಸಿಡೆಂಟ್ ಅನ್ನುತ್ತಾರೆ, ಬೇರೆ ಕಾಲೇಜುಗಳಲ್ಲಿ ಮಾಸ್ಟರ್, ವಾರ್ಡನ್, ಪ್ರೊವೋಸ್ಟ್ ಅಂತೆಲ್ಲ ಇದೆ. ಅವರನ್ನು ಆರಿಸುವುದು ಫೆಲೋಗಳು, ಅಂದರೆ ಕಾಲೇಜು ನಡೆಸುವ ಹಿರಿಯ ಮೆಂಬರ್‌ಗಳು. ರಾಜ ಎರಡನೇ ಜೇಮ್ಸ್ ತನಗೆ ಬೇಕಾದವನನ್ನೇ ಪ್ರೆಸಿಡೆಂಟ್ ಮಾಡಿ ಅಂತ ಅಪ್ಪಣೆ ಕೊಟ್ಟ. ಫೆಲೋಗಳು ಕೇಳಲಿಲ್ಲ, ಜಾನ್ ಹಫ್ ಎಂಬ ತಮ್ಮವರನ್ನೇ ಆರಿಸಿದರು. ರಾಜ ಖುದ್ದಾಗಿ ಆಕ್ಸ್‌ಫರ್ಡ್‌ಗೆ ಬಂದು ಬೈದರೂ ಬಗ್ಗಲಿಲ್ಲ. ಕೊನೆಗೆ ಅವರನ್ನೆಲ್ಲ ಹೊರಗೆ ಹಾಕಿದ. ಮಾರನೇ ವರ್ಷ ಸಿಂಹಾಸನ ಅಲುಗಾಡತೊಡಗಿದಾಗ ಅದೇ ರಾಜ ಅವರನ್ನು ವಾಪಸ್ ಕರೆಸಬೇಕಾಯಿತು. ಅಂಥವರ ಸಂಸ್ಥೆ ಇದು. ಹಾಗಾಗಿ ಪರಿಚಯದವರಿಂದ ಒಂದು ಮಾತು ಹೇಳಿಸೋಣ ಅನ್ನುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಮೆಂಬರ್ ಆದವರೆಲ್ಲ ಕಾಲೇಜನ್ನು ಹೊಗಳಿದ್ದಾರೆ ಅಂದುಕೊಳ್ಳಬೇಡಿ. ರೋಮ್ ಸಾಮ್ರಾಜ್ಯದ ಪತನದ ಇತಿಹಾಸ ಬರೆದ ಎಡ್ವರ್ಡ್ ಗಿಬ್ಬನ್ 1752ರಲ್ಲಿ ಸೇರಿ 14 ತಿಂಗಳು ಇದ್ದರು. ಜೀವನದಲ್ಲೇ ಅತಿ ವ್ಯರ್ಥವಾದ ಕಾಲ ಅದು, ಟ್ಯೂಟರ್‌ಗೆ ಸಂಬಳದ ನೆನಪಿತ್ತು, ಕೆಲಸದ ನೆನಪಿರಲಿಲ್ಲ ಅಂತ ಆತ್ಮಕಥೆಯಲ್ಲಿ ಬರೆದರು. ಟ್ಯೂಟರ್ ಸರಿ ಇಲ್ಲದಿದ್ದರೆ ಈ ವ್ಯವಸ್ಥೆಯಲ್ಲಿ ಏನೂ ಉಳಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಓಪನ್ ಡೇಗೆ, ಅಂದರೆ ಕಾಲೇಜು ನೋಡಲು ಬಿಡುವ ದಿನ, ಹೋದಾಗ ಕಟ್ಟಡ, ಜಿಂಕೆಗಳ ಪಾರ್ಕ್ ನೋಡಿ ಮರುಳಾಗಬೇಡಿ. ನಿಮ್ಮ ಮಗು ಓದುವ ವಿಷಯಕ್ಕೆ ಅಲ್ಲಿ ಟ್ಯೂಟರ್ ಯಾರಿದ್ದಾರೆ, ಅದನ್ನು ಕೇಳಿ. ನಾರ್ನಿಯಾ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸ್ 1925ರಿಂದ 1954ರವರೆಗೆ ಇದೇ ಮಾಡ್ಲಿನ್‌ನಲ್ಲಿ ಇಂಗ್ಲಿಷ್ ಸಾಹಿತ್ಯದ ಟ್ಯೂಟರ್. ಅವರ ರೂಮಿಗೆ ಹೋಗಿ ಬರೆದ ಪ್ರಬಂಧವನ್ನು ಜೋರಾಗಿ ಓದಬೇಕಿತ್ತು, ಆಮೇಲೆ ವಾದ. ಒಳ್ಳೇ ಟ್ಯುಟೋರಿಯಲ್ ಅಂದರೆ ಹಾಗೆ.

ಇನ್ನೊಂದು ಪದ ನಮ್ಮವರನ್ನು ಹೆದರಿಸುತ್ತದೆ, ರಸ್ಟಿಕೇಟ್. ಊರಲ್ಲಿ ರಸ್ಟಿಕೇಟ್ ಅಂದರೆ ಡಿಬಾರ್ ಆದಷ್ಟೇ ಅವಮಾನ, ಅಲ್ವಾ? ಇಲ್ಲಿ ಅದು ಸ್ವಲ್ಪ ಕಾಲ ದೂರ ಇರುವುದು ಅಷ್ಟೇ. ನಾಟಕಕಾರ ಆಸ್ಕರ್ ವೈಲ್ಡ್ 1877ರಲ್ಲಿ ಗ್ರೀಸ್ ಪ್ರವಾಸದಿಂದ ತಡವಾಗಿ ಬಂದದ್ದಕ್ಕೆ ಮಾಡ್ಲಿನ್ ಕಾಲೇಜು ಅವರನ್ನು ರಸ್ಟಿಕೇಟ್ ಮಾಡಿತು. ಮಾರನೇ ವರ್ಷ ಅವರು ಕವನಕ್ಕೆ ನ್ಯೂಡಿಗೇಟ್ ಬಹುಮಾನವನ್ನೂ ಫಸ್ಟ್ ಕ್ಲಾಸನ್ನೂ ತೆಗೆದುಕೊಂಡೇ ಹೊರಟರು. ಈಗ ಹುಷಾರಿಲ್ಲದೆ ಒಂದು ವರ್ಷ ಬಿಡುವು ತೆಗೆದುಕೊಂಡರೂ ಮಕ್ಕಳು ಅದೇ ಪದ ಬಳಸುತ್ತಾರೆ. ಫೋನಲ್ಲಿ ಕೇಳಿ ಗಾಬರಿಯಾಗಬೇಡಿ.

ಹೆಣ್ಣುಮಕ್ಕಳಿಗೆ ಇಲ್ಲಿ ಬಾಗಿಲು ತೆರೆದದ್ದು 1979ರಲ್ಲಿ. ಹಳೆಯ ಪಟ್ಟಿಯಲ್ಲಿ ಬರೀ ಗಂಡಸರ ಹೆಸರು ಇರುವುದು ಅದಕ್ಕೇ. ಮಗಳ ಜೊತೆ ಹೋಗುವವರು ಇದನ್ನು ಮೊದಲೇ ಹೇಳಿಬಿಡಿ.

ಅರ್ಜಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಯೂಕಾಸ್, ಅಂದರೆ ಇಲ್ಲಿನ ಯೂನಿವರ್ಸಿಟಿಗಳ ಅರ್ಜಿಗಳನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳುವ ಸಂಸ್ಥೆ, ಅದರ ಮೂಲಕವೇ ಹಾಕಬೇಕು, ಕೊನೆ ದಿನ ಅಕ್ಟೋಬರ್ 15, ಬೇರೆ ಯೂನಿವರ್ಸಿಟಿಗಳಿಗಿಂತ ತುಂಬಾ ಮುಂಚೆ. ಮೊದಲ ಡಿಗ್ರಿಗೆ ಒಂದೇ ವರ್ಷ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಹಾಕುವಂತಿಲ್ಲ. ಕೇಂಬ್ರಿಜ್‌ನಲ್ಲೂ ಒಂದು ಮಾಡ್ಲಿನ್ ಇದೆ, ಅದರ ಕೊನೆಯಲ್ಲಿ ಒಂದು ಇ ಅಕ್ಷರ ಜಾಸ್ತಿ. ಲೂಯಿಸ್ ಕೊನೆಗೆ ಹೋದದ್ದು ಅಲ್ಲಿಗೇ. ಕಾಲೇಜು ಆರಿಸದೆ ಓಪನ್ ಅಪ್ಲಿಕೇಶನ್ ಹಾಕಬಹುದು. ಆರಿಸಿದರೂ ಬೇರೆ ಕಾಲೇಜು ಸೀಟು ಕೊಡುವುದು ಮಾಮೂಲು. ಸಿಕ್ಕರೆ ಬೇಜಾರಿಲ್ಲದೆ ತೆಗೆದುಕೊಳ್ಳಿ, ಡಿಗ್ರಿ ಅದೇ.

ಮಾಡ್ಲಿನ್‌ನ ಹಳಬರ ಪಟ್ಟಿಯಲ್ಲಿ ನಮ್ಮವರೂ ಇದ್ದಾರೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಬಿ.ಎ. ಮುಗಿಸಿದ ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡ್‌ಗೆ ಬಂದರು. ಸ್ಕಾಲರ್‌ಶಿಪ್ ರೋಡ್ಸ್ ಟ್ರಸ್ಟ್‌ನದ್ದು, ಕಾಲೇಜು ಮಾಡ್ಲಿನ್, ಡಿಗ್ರಿ ಯೂನಿವರ್ಸಿಟಿಯದ್ದು. 1963ರಲ್ಲಿ ಅವರು ಅಧ್ಯಕ್ಷರಾದ ಆಕ್ಸ್‌ಫರ್ಡ್ ಯೂನಿಯನ್ ಮತ್ತೆ ಬೇರೆಯೇ, ಅದು 1823ರಿಂದ ನಡೆದುಬಂದ ಚರ್ಚಾ ಸಂಘ. ಅವರ ಯಯಾತಿ ನಾಟಕ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಅಚ್ಚಾಗಿ ಬಂದಾಗ, ಬರೆದವರು ಇಲ್ಲಿ ಇನ್ನೂ ವಿದ್ಯಾರ್ಥಿ.