ಕಾಠ್ಮಂಡುವಿಗೆ ಹೊಸದಾಗಿ ಬರುವ ಕನ್ನಡಿಗರಿಗೆ: ವೀಸಾ ಬೇಡ, ಆದರೂ ಇದು ಪರದೇಶ

ಕೆಲಸದ ಮೇಲೆ ಇಲ್ಲಿಗೆ ಬರುವ ನಮ್ಮವರನ್ನು ಕೆಡಿಸುವುದು ಒಂದೇ ಮಾತು: "ಅಯ್ಯೋ, ನೇಪಾಳ ತಾನೇ, ವೀಸಾನೂ ಬೇಡ." ನಿಜ, ಬೇಡ. ಅಮೆರಿಕಕ್ಕೆ ಹೋಗುವವರು ತಿಂಗಳುಗಟ್ಟಲೆ ಊರವರನ್ನೆಲ್ಲ ಕೇಳಿ, ಓದಿಕೊಂಡು ಹೊರಡುತ್ತಾರೆ. ಕಾಠ್ಮಂಡುವಿಗೆ ಬರುವವರು ಊಟಿಗೆ ಹೊರಟ ಹಾಗೆ ನಾಲ್ಕು ಸ್ವೆಟರ್ ತುಂಬಿಕೊಂಡು ಬಂದುಬಿಡುತ್ತಾರೆ. ನಾವೂ ಹಾಗೇ ಬಂದವರು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ವಿಮಾನದಲ್ಲಿ ಬರುವ ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು, ಆಧಾರ್ ನಂಬಿಕೊಂಡು ಹೊರಡಬೇಡಿ. ನಮ್ಮ 100 ರೂಪಾಯಿ ಇಲ್ಲಿನ 160, 1993ರಿಂದ ಇದೇ ಲೆಕ್ಕ. ಗಡಿಯಾರ 15 ನಿಮಿಷ ಮುಂದೆ. ಬಾಡಿಗೆ ಲೆಕ್ಕ ವಿಕ್ರಮ ಸಂವತ್‌ನ ತಿಂಗಳಲ್ಲಿ, ಅದು ಶುರುವಾಗುವುದು ನಮ್ಮ ತಿಂಗಳ ಮಧ್ಯದಲ್ಲಿ, ಒಂದೊಂದು ತಿಂಗಳಿಗೆ 32 ದಿನ ಬೇರೆ. ಸುಮ್ನೆ ಒಂದು ನೇಪಾಳಿ ಕ್ಯಾಲೆಂಡರ್ ಗೋಡೆಗೆ ನೇತುಹಾಕಿ.

ಮನೆ ನೋಡುವಾಗ ಮಾತ್ರ ಅವಸರ ಬೇಡ. ಮಹಡಿಯಿಂದ ಹಿಮಾಲಯ ಕಾಣುತ್ತಾ ಅಂತ ಕೇಳಬೇಡಿ, ನೀರು ಎಲ್ಲಿಂದ ಬರುತ್ತದೆ ಅಂತ ಕೇಳಿ. ನಾನು ಕೇಳಿದ್ದು ಹಿಮಾಲಯವನ್ನು. ಬೇಸಿಗೆಯಿಡೀ ಟ್ಯಾಂಕರಿನವನಿಗೆ ಫೋನ್ ಮಾಡಿಕೊಂಡು ಕೂತೆ. ಆ ಹಿಮಾಲಯವೂ ಮಾರ್ಚ್, ಏಪ್ರಿಲ್‌ನಲ್ಲಿ ಕಾಡ್ಗಿಚ್ಚಿನ ಹೊಗೆಯಲ್ಲಿ ಮಾಯ. 2021ರ ಮಾರ್ಚ್‌ನಲ್ಲಿ ಗಾಳಿ ಎಷ್ಟು ಕೆಟ್ಟಿತ್ತೆಂದರೆ ಶಾಲೆಗಳಿಗೇ ರಜೆ ಕೊಟ್ಟರು.

ಈಗ ಹೇಳಲು ಕಷ್ಟದ ವಿಷಯ. ಬೆಂಗಳೂರಿನಲ್ಲಿ ನಮಗೆ ಗೊತ್ತಿರುವ ನೇಪಾಳಿಗಳು ಯಾರು? ಗೇಟ್ ಕಾಯುವವರು, ಮೋಮೋ ಮಾರುವವರು. ಹೆಸರೂ ಕೇಳದೆ "ಬಹದ್ದೂರ್" ಅಂತ ಕೂಗಿ ಅಭ್ಯಾಸ. ಅದೇ ಧೋರಣೆ ಹೊತ್ತು ಬಂದರೆ ಇಲ್ಲಿಯವರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಟ್ಯಾಕ್ಸಿ ಹತ್ತಿದ ಕೂಡಲೇ ಹಿಂದಿಯಲ್ಲಿ ಜೋರು ಮಾಡಬೇಡಿ. ಮೆಜೆಸ್ಟಿಕ್‌ನಲ್ಲಿ ಹಿಂದಿಯವರ ಮೇಲೆ ರೇಗುವ ನಾವೇ ಇಲ್ಲಿ ಬಂದು ಎಲ್ಲರಿಗೂ ಹಿಂದಿ ಬರಲೇಬೇಕು ಅಂದುಕೊಳ್ಳುತ್ತೇವಲ್ಲ, ಅದಕ್ಕೇನು ಹೇಳಲಿ! ದಾಯಿ (ಅಣ್ಣ), ದಿದಿ (ಅಕ್ಕ) ಅಂತ ಶುರು ಮಾಡಿ, ತಪ್ಪುತಪ್ಪು ನೇಪಾಳಿಯಲ್ಲೇ ಮುಂದುವರಿಸಿ. ನಗುತ್ತಾರೆ, ಆಮೇಲೆ ಚಿಯಾ, ಅಂದರೆ ಚಹಾ, ಕೊಡುತ್ತಾರೆ.

2015ರ ಮಾತು ಬಂದರೆ ಬಾಯಿ ಮುಚ್ಚಿಕೊಂಡು ಕೇಳಿ. ಏಪ್ರಿಲ್‌ನಲ್ಲಿ ಭೂಕಂಪ, ಸುಮಾರು 9,000 ಜನ ಸತ್ತರು. ಸೆಪ್ಟೆಂಬರ್‌ನಲ್ಲಿ ಗಡಿಯಲ್ಲಿ ಲಾರಿಗಳು ನಿಂತವು, ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ. ಇಲ್ಲಿಯವರು ಅದಕ್ಕೆ ಭಾರತವೇ ಕಾರಣ ಅನ್ನುತ್ತಾರೆ, ದೆಹಲಿ ಒಪ್ಪಲಿಲ್ಲ. ನಾನು ಪಕ್ಕದ ಮನೆ ದಿದಿಯ ಹತ್ತಿರ ದೆಹಲಿಯ ವಕೀಲಿಕೆ ಮಾಡಲು ಹೋದೆ. "ಆ ಚಳಿಗಾಲ ತಾರಸಿಯ ಮೇಲೆ ಸೌದೆ ಹಾಕಿ ಮಗುವಿಗೆ ನೀರು ಕಾಯಿಸಿದೆ" ಅಂದರು. ಮತ್ತೆ ಆರು ತಿಂಗಳು ಅವರ ಮನೆಯಿಂದ ನಮಗೆ ಕರೆ ಬರಲಿಲ್ಲ.

ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಕರ್ನಾಟಕದವರು ಅನ್ನೋದು ನಿಮಗೆ ಗೊತ್ತೇ ಇರುತ್ತದೆ, ವಿಮಾನ ಇಳಿಯುವ ಮೊದಲೇ ಯಾರಾದರೂ ಹೇಳಿರುತ್ತಾರೆ. ಹೋಗಿ, ಕೈಮುಗಿಯಿರಿ. "ನಾವೂ ಆ ಕಡೆಯವರೇ" ಅಂತ ಸಾಲು ತಪ್ಪಿಸಲು ನೋಡಬೇಡಿ. 2009ರ ಆರಂಭದಲ್ಲಿ ಇವರ ಜಾಗಕ್ಕೆ ನೇಪಾಳದ ಅರ್ಚಕರನ್ನು ತರಲು ಹೋಗಿ ದೊಡ್ಡ ಗಲಾಟೆಯಾಯಿತು, ಸರ್ಕಾರ ಕೊನೆಗೆ ಹಿಂದೆ ಸರಿಯಿತು. ನೂರಾರು ವರ್ಷದ ಪದ್ಧತಿಯಲ್ಲಿ ಬಂದವರಿಗೇ ನೀವು ಯಾಕೆ ಇಲ್ಲಿ ಅಂತ ಕೇಳುವವರಿದ್ದಾರೆ. ಮೊನ್ನೆ ಬಂದ ನಮ್ಮದೇನು?

ಅಡುಗೆಮನೆಗೆ ಅಷ್ಟು ಹೆದರಬೇಡಿ. ಅಸನ್ ಬಜಾರಿನಲ್ಲಿ ಮಸಾಲೆ ಸಾಮಾನು ಸಿಗುತ್ತದೆ. ಕೋದೋ ಹಿಟ್ಟು ಕೊಳ್ಳಿ, ಅದು ರಾಗಿಯೇ. ಇವರ ಢಿಂಡೋ ನಮ್ಮ ಮುದ್ದೆಯ ಹತ್ತಿರದ ನೆಂಟ, ಸ್ವಲ್ಪ ಮೆತ್ತಗೆ, ಉಂಡೆ ಕಟ್ಟುವುದಿಲ್ಲ. ಚಿಉರಾ ಅಂದರೆ ಅವಲಕ್ಕಿ. ಜನವರಿಯಲ್ಲಿ ದೋಸೆ ಹಿಟ್ಟು ಎರಡು ದಿನವಾದರೂ ಹುಳಿ ಬರುವುದಿಲ್ಲ, ಪಾತ್ರೆಗೆ ಕಂಬಳಿ ಸುತ್ತಿ. ಮನೆಯೊಳಗೆ ನೀವೂ ಕಂಬಳಿ ಸುತ್ತಿಕೊಂಡೇ ಕೂತಿರುತ್ತೀರಿ.

ಊರಿಂದ ಅಪ್ಪ, ಅತ್ತೆ, ಮಾವ ಬಂದೇ ಬರುತ್ತಾರೆ, ಬಂದವರು ಬೆಟ್ಟದ ಮೇಲಿನ ಮುಕ್ತಿನಾಥ ಕ್ಷೇತ್ರ ಕೇಳೇ ಕೇಳುತ್ತಾರೆ. ಜೀಪ್ ಹತ್ತುವ ಪೋಖರಾ 900 ಮೀಟರಿಗಿಂತ ಕೆಳಗೆ, ಮುಕ್ತಿನಾಥ 3,700ಕ್ಕಿಂತ ಮೇಲೆ. ಒಂದೇ ದಿನದಲ್ಲಿ ಜೀಪಿನಲ್ಲಿ ಹತ್ತಿಸಬೇಡಿ, ದಯವಿಟ್ಟು. ಡ್ರೈವರ್ ಆಗುತ್ತದೆ ಅನ್ನುತ್ತಾನೆ, ನಾವೂ ಆಗುತ್ತದೆ ಅಂದೆವು, ಮಾವನವರು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ದರ್ಶನದ ಹೊತ್ತಿಗೆ ತಲೆ ಎತ್ತಲಾರದೆ ಜೀಪಿನಲ್ಲೇ ಮಲಗಿದ್ದರು. ದಾರಿಯಲ್ಲಿ ಸಿಗುವ ಮಾರ್ಫಾ ಅಥವಾ ಜೊಮ್‌ಸೊಮ್‌ನಲ್ಲಿ ಒಂದು ರಾತ್ರಿ ಇಳಿಸಿ. ಜೊಮ್‌ಸೊಮ್ ವಿಮಾನ ಬೆಳಗ್ಗೆ ಮಾತ್ರ, ಆಮೇಲೆ ಕಣಿವೆಯಲ್ಲಿ ಗಾಳಿ ಏಳುತ್ತದೆ. ಮಳೆಗಾಲದಲ್ಲಿ ಈ ದಾರಿಯ ಯೋಚನೆಯೇ ಬೇಡ, ಗುಡ್ಡ ಜರಿಯುತ್ತಿರುತ್ತದೆ.

ಮಕ್ಕಳ ಬಗ್ಗೆ ನಿಮಗಿರುವ ಚಿಂತೆ ತಲೆಕೆಳಗಾದದ್ದು. ಅವರು ಹೊಂದಿಕೊಳ್ಳುತ್ತಾರೆ, ನಿಮಗಿಂತ ಬೇಗ. ದಶೈಂ, ಅಂದರೆ ಇವರ ದಸರಾ, ಬಂದರೆ ನನ್ನ ಮಗಳು ಹಣೆ ತುಂಬ ಅಕ್ಕಿಯ ಟೀಕಾ, ಕಿವಿ ಮೇಲೆ ಜಮರಾ (ಬಾರ್ಲಿ ಮೊಳಕೆ) ಸಿಕ್ಕಿಸಿಕೊಂಡು ಓಣಿಯ ಹಿರಿಯರಿಂದೆಲ್ಲ ದುಡ್ಡು ವಸೂಲಿ ಮಾಡಿ ಬರುತ್ತಾಳೆ. ಆ ಹೊತ್ತಿಗೇ ನಮ್ಮೂರಲ್ಲಿ ಅಜ್ಜಿ ಒಬ್ಬರೇ ದಸರಾ ಬೊಂಬೆ ಜೋಡಿಸಿ ವಿಡಿಯೊ ಕಾಲ್‌ನಲ್ಲಿ ತೋರಿಸುತ್ತಾರೆ. ಇವಳು "ಚೆನ್ನಾಗಿದೆ ಅಜ್ಜಿ" ಅಂದು ಫೋನ್ ನನ್ನ ಕೈಗಿಟ್ಟು ಗಾಳಿಪಟದ ಹಿಂದೆ ಓಡುತ್ತಾಳೆ. ತಪ್ಪು ಅವಳದಲ್ಲ. ಅವಳಿಗೆ ಇದೇ ಊರು.

ಹಾಗಾಗಿ ಇಲ್ಲಿಗೆ ಬಂದ ವರ್ಷವೇ ಮಕ್ಕಳಿಗೆ ಕನ್ನಡ ಅಕ್ಷರ ಶುರು ಮಾಡಿ. ಮಾತು ಮನೆಯಲ್ಲಿ ಹೇಗೋ ಉಳಿಯುತ್ತದೆ, ಓದು ಉಳಿಯುವುದಿಲ್ಲ, ಯಾಕೆಂದರೆ ಶಾಲೆಯಲ್ಲೂ ಅಂಗಡಿ ಬೋರ್ಡಿನಲ್ಲೂ ದೇವನಾಗರಿಯೇ. ಶನಿವಾರ ಬೆಳಗ್ಗೆ ಒಂದು ಗಂಟೆ ಸಾಕು, ಇಲ್ಲಿ ವಾರದ ರಜೆ ಶನಿವಾರ. ಕಾಗುಣಿತದ ಪುಸ್ತಕ ಊರಿಂದಲೇ ತನ್ನಿ, ಇಲ್ಲಿ ಸಿಗುವುದಿಲ್ಲ. ಅಜ್ಜಿ ವಾಟ್ಸಾಪಿನಲ್ಲಿ ಬರೆದು ಕಳಿಸುವುದನ್ನು ಮಗಳಿಗೆ ಇವತ್ತಿಗೂ ನಾನೇ ಓದಿ ಹೇಳಬೇಕು.